ಖಾಲಿ ಫ್ಲ್ಯಾಶಿನ ಖರ್ಚು

ನಾನು ಮೈಕಿನ ಮುಂದೆ ಬಂದ ಕೂಡಲೇ ಅಭ್ಯಾಸಬಲದಿಂದ ಬಾಚಣಿಗೆ ತೆಗೆದು ತಲೆ ಬಾಚಿಕೊಂಡ, ಕೊರ್ತಾಲಿಮ್ ಕನ್ನಡ ಶ್ರಮಿಕರ ಸಂಘದ ಅಧ್ಯಕ್ಷರಾದ ಸನ್ಮಾನ್ಯ ದೇವಪ್ಪ ಮೇಸ್ತ್ರಿಯವರೇ. ಮಡಗಾಂವದಿಂದ ದಯಮಾಡಿಸಿದ ಮುಖ್ಯ ಅತಿಥಿಗಳೇ. ಸಂಘದ ಪೆಟ್ಟಿಗೆಯ ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡು ತಿರುಗುವ ಖಜಾಂಚಿ ಹೊಳೆಪ್ಪನವರೇ. ಈಗಷ್ಟೇ ನನ್ನ ಸನ್ಮಾನ ಪತ್ರವನ್ನು ಸುಶ್ರಾವ್ಯವಾಗಿ ಓದಿದ, ಅಧ್ಯಕ್ಷರ ಸುಪುತ್ರಿಯೂ ಸಂಘದ ಕಾರ್ಯದರ್ಶಿಯೂ ಆದ ಅಶ್ವಿನಿಯವರೇ. ಮೂರನೆಯ ಸಾಲಿನಲ್ಲಿ ಕುಳಿತು 'ಭಾಳ ಮಾತಾಡಬ್ಯಾಡ' ಎಂದು ಕಣ್ಣಿನಲ್ಲೇ ಹೇಳುತ್ತಿರುವ ನನ್ನ ಧರ್ಮಪತ್ನಿ ಶೈಲಾ ಅವರೇ. ಒಳಗಿನಿಂದ ಊಟದ ವಾಸನೆ ಬಂದರೂ ಎದ್ದು ಹೋಗದ ಧೀರ ಸಭಿಕರೇ,

ಅಧ್ಯಕ್ಷರೇ, ಬಾಚಣಿಗೆ ಒಳಗಿಡಿ. ಇಂದು ಕ್ಯಾಮೆರಾ ನನ್ನ ಕೈಯಲ್ಲಿಲ್ಲ, ನನ್ನ ಗೆಳೆಯ ರಿಯಾಜನ ಕೈಯಲ್ಲಿದೆ. ಅವನು ನಿಮ್ಮದನ್ನು ಆಗಲೇ ಹನ್ನೆರಡು ಹೊಡೆದಿದ್ದಾನೆ, ನಾನು ಎಣಿಸಿದ್ದೇನೆ.

ಇಪ್ಪತ್ತು ವರ್ಷ ಫೋಟೋ ಹೊಡೆದವನೆಂದು ನನಗೆ ಶಾಲು ಹೊದಿಸಿದ್ದೀರಿ. ಜನವರಿ ತಿಂಗಳಾದರೂ ಗೋವಾದಲ್ಲಿ ಶಾಲು ಹೊದ್ದವನ ಗತಿ ಏನಾಗುತ್ತದೆಂಬುದು ಹೊದಿಸಿದವರಿಗೆ ಗೊತ್ತಿರುವುದಿಲ್ಲ. ಬೆನ್ನಿನ ಮೇಲೆ ಬೆವರು ಇಳಿಯುತ್ತಿದೆ. ಆದರೆ ಸಭಿಕರೇ, ಶಾಲಿಗಿಂತ ಹೆಚ್ಚು ಕಡಿಯುತ್ತಿರುವುದು ಸನ್ಮಾನ ಪತ್ರದ ಒಂದು ಸಾಲು. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಕೊಟ್ಟ ವಿಷಯ.

ವಿಷಯ ಕೊಟ್ಟವರು ಹೊಳೆಪ್ಪನವರು. ಹೋದ ತಿಂಗಳು ನನ್ನ ಬಿಲ್ಲನ್ನು ತಿರುಗಿಸಿ ಮುರುಗಿಸಿ ನೋಡಿ ಅವರು ಹೇಳಿದರು: "ಬಾಳು, ರೀಲ ಇಲ್ಲ, ತೊಳಿಯೂದಿಲ್ಲ, ಚಲೋ ಬರಲಿಲ್ಲಂದ್ರ ಅಳಿಸಿ ಒಗೀತಿ. ಮತ್ತ ಖರ್ಚು ಯಾತರದು? ಸಭಾದಾಗ ನಿಂತು ತಿಳಿಸಿ ಹೇಳು. ಮಂದಿ ಒಪ್ಪಿದ್ರ ನಾನೂ ಒಪ್ಪತೀನಿ." ಆದ್ದರಿಂದ ಇಂದಿನ ನನ್ನ ವಿಷಯ, ಫಿಲಂ ಮತ್ತು ಡಿಜಿಟಲ್, ಯಾವುದು ಸೋವಿ, ಯಾವುದು ದುಬಾರಿ?

ಕೇಳಿ. ನನ್ನ ಹಳೆಯ ಕ್ಯಾಮೆರಾವನ್ನು ತೊಂಬತ್ತರಲ್ಲಿ ವಾಸ್ಕೋದಲ್ಲಿ ನಾಲ್ಕೂವರೆ ಸಾವಿರಕ್ಕೆ ಕೊಂಡೆ, ಅದೂ ಒಬ್ಬರು ಬಳಸಿ ಬಿಟ್ಟದ್ದು. ಹದಿನೈದು ವರ್ಷ ನಡೆಯಿತು. ಕೆಟ್ಟದ್ದು ಅದರ ಪಟ್ಟಿ ಮಾತ್ರ, ಅದನ್ನೂ ನಮ್ಮ ಓಣಿಯ ಚಮ್ಮಾರಣ್ಣ ಹೊಲಿದುಕೊಟ್ಟ. ಮೂವತ್ತಾರು ಫೋಟೋದ ರೀಲಿಗೆ ತೊಂಬತ್ತು ರೂಪಾಯಿ, ತೊಳೆಯಲು ಇಪ್ಪತ್ತು, ಪ್ರಿಂಟಿಗೆ ಐದೈದು. ಭಾಗಿಸಿ ನೋಡಿದರೆ ಗುಂಡಿ ಒತ್ತಿದಾಗೊಮ್ಮೆ ಎಂಟು ರೂಪಾಯಿ! ನೀವು ಕಣ್ಣು ಮುಚ್ಚಿದಿರೋ, ಎಂಟು ರೂಪಾಯಿ ಹೋಯಿತು. ನಿಮ್ಮ ಮಾವ ಆಕಳಿಸಿದರೋ, ಎಂಟು ರೂಪಾಯಿ ಹೋಯಿತು.

ಇನ್ನು ಡಿಜಿಟಲ್. ಎರಡು ಸಾವಿರದ ಐದರಲ್ಲಿ, ಪ್ಲಾಟಿಗೆಂದು ಕೂಡಿಟ್ಟ ಹಣವನ್ನೆಲ್ಲ ಬಳಿದುಕೊಂಡು ಹೋಗಿ ಐವತ್ತೆಂಟು ಸಾವಿರದ ಕ್ಯಾಮೆರಾ ತಂದೆ. ಶೈಲಾ ಅದನ್ನು ಅಂಗೈ ಮೇಲಿಟ್ಟುಕೊಂಡು ನೋಡಿ, "ಮನಿ ಕಟ್ಟತೀನಂದಾಂವ ಮನಿಯಷ್ಟ ರೊಕ್ಕದ ಡಬ್ಬಿ ತಂದೀಯಲ್ಲ, ಇದರಾಗ ಇರೂಣೇನ ಇಬ್ಬರೂ?" ಎಂದಳು. ಮುಂದೆ ಕಂಪ್ಯೂಟರಿಗೆ ಮೂವತ್ತೆರಡು ಸಾವಿರ. ಕರೆಂಟು ಹೋದರೆ ಇರಲಿ ಎಂದು ಯುಪಿಎಸ್. ಮತ್ತೆ ಫೋಟೋಗಳನ್ನು ಹಿಡಿದಿಡುವ ಕಾರ್ಡು, ಬಿಸ್ಕೀಟಿನಷ್ಟೂ ದಪ್ಪವಿಲ್ಲದ ಒಂದು ಚೂರಿಗೆ ಐದೂವರೆ ಸಾವಿರ! ಮೂರು ವರ್ಷದ ನಂತರ ಆ ಕ್ಯಾಮೆರಾ ಮಾರಲು ಹೋದರೆ ಅಂಗಡಿಯವನು ಒಂಬತ್ತು ಸಾವಿರ ಎಂದ. ಹಾಲು ಬತ್ತಿದ ಎಮ್ಮೆಗಾದರೂ ಹೆಚ್ಚು ಸಿಗುತ್ತದೆ, ಸ್ವಾಮಿ.

ಚಹಾದ ಖರ್ಚು ಬೇರೆ. ನಗಬೇಡಿ, ಹೊಳೆಪ್ಪನವರೇ, ಬರೆದುಕೊಳ್ಳಿ. ಫಿಲಂ ಕಾಲದಲ್ಲಿ ಒಂದು ಮದುವೆಗೆ ಎಪ್ಪತ್ತೆರಡು ಫೋಟೋ, ಆಲ್ಬಂ ಕೈಗಿಟ್ಟರೆ ಮುಗಿಯಿತು. ಈಗ ಒಂಬೈನೂರು ಫೋಟೋ! ಆರಿಸಲು ಬೀಗರೆಲ್ಲ ಅಂಗಡಿಗೆ ಬರುತ್ತಾರೆ. "ಇದರಾಗ ನನ್ನ ಮಾರಿ ಉಬ್ಬೇತಿ." "ಅದರಾಗ ಅಕಿ ಸೀರಿ ನನ್ನ ಸೀರಿಕ್ಕಿಂತ ಚಲೋ ಕಾಣತೈತಿ, ತಗೀರಿ." ಹನ್ನೊಂದು ಕಪ್ಪು ಚಹಾ, ಎರಡು ಪಾವು ಚೂಡಾ, ಕೊನೆಗೆ "ನಾಳಿ ಬರ್ತೀವ್ರಿ." ಇದು ಯಾವ ಬಿಲ್ಲಿನಲ್ಲಿ ಬರುತ್ತದೆ, ಹೇಳಿ?

ಹಾಗಾದರೆ ಡಿಜಿಟಲ್ಲೇ ದುಬಾರಿ ಎಂದು ಹೇಳಿ ನಾನು ಕುಳಿತುಬಿಡಬಹುದಿತ್ತು. ಶೈಲಾ ಕೂಡ ಅದನ್ನೇ ಬಯಸುತ್ತಿದ್ದಾಳೆ. ಆದರೆ ಶಾಲು ಹೊದಿಸಿದ ಮೇಲೆ ಮನುಷ್ಯನಿಗೆ ಏನೋ ಒಂದು ಹುಚ್ಚು ಧೈರ್ಯ ಬರುತ್ತದೆ. ಇಪ್ಪತ್ತು ವರ್ಷ ನಾನು ಯಾರಿಗೂ ಹೇಳದ ಒಂದು ಗುಟ್ಟು ಹೇಳುತ್ತೇನೆ. ಬಾಗಿಲ ಹತ್ತಿರ ಇರುವವರು ಚಪ್ಪಲಿಗಳನ್ನು ಸ್ವಲ್ಪ ದೂರ ಸರಿಸಿ.

ಗುಂಡಿಗೆ ಎಂಟು ರೂಪಾಯಿ. ಮದುವೆಯವರು ಒಪ್ಪಿದ್ದು ಎರಡು ರೀಲು. ಆದರೆ ವೇದಿಕೆಗೆ ಹತ್ತುವವರು ಎಷ್ಟು ಜನ? ಸೋದರಮಾವ, ಸೋದರಮಾವನ ಷಡ್ಡಕ, ಷಡ್ಡಕನ ಬಾಡಿಗೆಮನೆಯ ಮಾಲೀಕ. ಯಾರಿಗಾದರೂ ಇಲ್ಲವೆನ್ನಲಾದೀತೇ? ಆಗ ನಾವು ಮಾಡುತ್ತಿದ್ದುದೇನು? ಫ್ಲ್ಯಾಶಿನ ಹಿಂಬದಿಯಲ್ಲಿ ಒಂದು ಸಣ್ಣ ಕೆಂಪು ಗುಂಡಿ ಇರುತ್ತದೆ, ಪರೀಕ್ಷೆ ಮಾಡಲು ಇಟ್ಟದ್ದು. ಕ್ಯಾಮೆರಾ ಕಣ್ಣಿಗೆ ಹಿಡಿದು, "ಸ್ಮೈಲ್ರೀ, ಅಕ್ಕಾರ, ಸೆರಗು ಸರಿ ಮಾಡ್ಕೊರಿ" ಎಂದು, ಹೆಬ್ಬೆರಳಿನಿಂದ ಆ ಗುಂಡಿ ಒತ್ತಿದರೆ ಬೆಳಕು ಭಗ್ಗೆನ್ನುತ್ತದೆ, ರೀಲು ಮಾತ್ರ ಇದ್ದಲ್ಲೇ ಇರುತ್ತದೆ. ಇದಕ್ಕೆ ನಮ್ಮ ಕಸುಬಿನಲ್ಲಿ ಖಾಲಿ ಫ್ಲ್ಯಾಶ್ ಎನ್ನುತ್ತಾರೆ.

ಅಯ್ಯೋ, ಇಷ್ಟು ಗದ್ದಲ ಮಾಡಿದರೆ ಹೇಗೆ! ಹೌದ್ರಿ, ನಿಮಗೂ ಹೊಡೆದಿದ್ದೇನೆ. ಹಿಂದಿನ ಸಾಲಿನ ಖುರ್ಷಿದಾಬೇಗಂ ಅವರೇ, ತಮ್ಮ ಮಗನ ಮದುವೆಯಲ್ಲಿ ನಾಲ್ಕು ಸಲ. ಹೊಳೆಪ್ಪನವರೇ, ತಮಗೆ ಲೆಕ್ಕವೇ ಇಲ್ಲ. ಇನ್ನು ನಮ್ಮ ಅಧ್ಯಕ್ಷರು! ದೇವಪ್ಪ ಮೇಸ್ತ್ರಿಯವರಿಗೆ ಫೋಟೋದ ಮೇಲಿನ ಪ್ರೀತಿ ನಿಮಗೆಲ್ಲ ಗೊತ್ತು. ಯಾರದೇ ಮದುವೆ, ಯಾರದೇ ತೊಟ್ಟಿಲು, ಗುಂಪಿನ ತುದಿಯಲ್ಲಿ ಒಂದು ಭುಜ ಮತ್ತು ಅರ್ಧ ಮೀಸೆ ಕಂಡರೆ ಅದು ಅವರದೇ. "ಒಂದು ಹೊಡಿಯಲೇ ಬಾಳ್ಯಾ!" ಎಂದು ಕೂಗುತ್ತಲೇ ಬರುತ್ತಿದ್ದರು. ಅಧ್ಯಕ್ಷರೇ, ಕೈ ಮುಗಿದು ಹೇಳುತ್ತೇನೆ, ತಾವು ನಿಂತ ನಲವತ್ತರಲ್ಲಿ ಮೂವತ್ತು ಖಾಲಿ.

ಪಾಪವಲ್ಲವೇ ಎಂದು ಕೇಳುತ್ತೀರಿ. ಪಾಪವೇ. ಆದರೆ ಜನ ಸಂತೋಷದಿಂದ ಇಳಿದು ಹೋಗುತ್ತಿದ್ದರು, ಬೆಳಕು ಬಿದ್ದರೆ ಸಾಕು ಅವರಿಗೆ. ಯಾರಿಗೂ ನಷ್ಟವಿಲ್ಲ ಎಂದು ನಾನೂ ನಂಬಿದ್ದೆ. ನನ್ನ ಮದುವೆಯಾಗುವವರೆಗೆ ನಂಬಿದ್ದೆ.

ತೊಂಬತ್ತಾರರಲ್ಲಿ ನನ್ನ ಮದುವೆ. ಫೋಟೋ ಹೊಡೆಯಲು ಇದೇ ರಿಯಾಜ. ನಾನೇ ಮದುಮಗ, ನಾನೇ ಜಿಪುಣ. ಬಾಸಿಂಗದ ಕೆಳಗಿನಿಂದ ಅವನ ಕಿವಿಯಲ್ಲಿ ಹೇಳಿದೆ: "ಒಂದ ರೀಲಿನ್ಯಾಗ ಮುಗಸು. ಊಟದ ಹೊತ್ತಿನ ಮಂದಿಗೆಲ್ಲ ಖಾಲಿ ಹೊಡಿ." ನನ್ನಪ್ಪ ರೂಪಲಪ್ಪ ಬಂದರಿನಲ್ಲಿ ಅದಿರು ತುಂಬುವ ಕೆಲಸದಲ್ಲಿದ್ದ. ಹಡಗು ನಿಂತಿತ್ತು, ರಜೆ ಸಿಗಲಿಲ್ಲ. ಪಾಳಿ ಮುಗಿಸಿ ಓಡಿ ಬರುವಷ್ಟರಲ್ಲಿ ಅಕ್ಷತೆ ಆಗಿಹೋಗಿತ್ತು, ಊಟದ ಹೊತ್ತು. ತಲೆಯಿಂದ ಕಾಲಿನವರೆಗೆ ಅದಿರಿನ ಕೆಂಪು ಧೂಳು. ಸ್ನಾನ ಮಾಡದೆ ಹಾಗೆಯೇ ಬಂದು ನನ್ನ ಪಕ್ಕದಲ್ಲಿ ನಿಂತ, ನಕ್ಕ. ಬೆಳಕು ಬಿತ್ತು. ರಿಯಾಜ ನಾನು ಹೇಳಿದ್ದನ್ನೇ ಮಾಡಿದ. ರಿಯಾಜ, ತಲೆ ತಗ್ಗಿಸಬೇಡ, ಹೇಳಿದವನು ನಾನು.

ವಾರದ ಮೇಲೆ ಅಪ್ಪ ಕೇಳಿದ, "ಬಾಳ್ಯಾ, ನಂದೊಂದು ಫೋಟೋ ಬಂತೇನ?"

"ತೊಳಿಯಾಕ ಹೋಗೇತಿ, ಅಪ್ಪ."

ತಿಂಗಳ ಮೇಲೆ ಮತ್ತೆ ಕೇಳಿದ, "ಎಷ್ಟ ತೊಳೀತಾರಲೇ? ನನ್ನ ಮಾರಿ ಮ್ಯಾಲಿನ ಕೆಂಪು ಹೋಗವಲ್ದೇನ?" ಮನೆಯವರೆಲ್ಲ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಮೂರನೆಯ ಸಲ ಅವನು ಕೇಳಲಿಲ್ಲ. ನನ್ನ ಆಲ್ಬಮ್ಮಿನಲ್ಲಿ ಅವ್ವ ಒಬ್ಬಳೇ ನಿಂತಿದ್ದಾಳೆ. ಅವಳ ಪಕ್ಕದಲ್ಲಿ ಒಬ್ಬ ಮನುಷ್ಯ ನಿಲ್ಲುವಷ್ಟು ಜಾಗ ಬಿಟ್ಟಿದೆ. ಅಪ್ಪ ಎರಡು ಸಾವಿರದ ಮೂರರಲ್ಲಿ ತೀರಿಕೊಂಡ.

ಕ್ಷಮಿಸಿ. ಇದು ನಾನು ಬರೆದು ತಂದ ಚೀಟಿಯಲ್ಲಿ ಇರಲಿಲ್ಲ. ನೀರು ಕೊಡಿ ಯಾರಾದರೂ.

ಹಾಂ. ವಿಷಯಕ್ಕೆ ಬರುತ್ತೇನೆ. ಡಿಜಿಟಲ್ ಬಂದು ಖಾಲಿ ಫ್ಲ್ಯಾಶನ್ನು ಕೊಂದಿತೋ ಇಲ್ಲವೋ? ಕೊಲ್ಲಬೇಕಿತ್ತು. ಹಿಂದೆ ಪರದೆ ಇದೆಯಲ್ಲ! ಹೊಡೆದ ಕೂಡಲೇ ವೇದಿಕೆಯಿಂದ ಜಿಗಿದು ಬರುತ್ತಾರೆ, "ತೋರಸ್ರಿ, ತೋರಸ್ರಿ!" ಆದರೆ ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ, ಒಂದು ದಿನ ಅಕಸ್ಮಾತ್ತಾಗಿ ಕಾರ್ಡು ಹಾಕದೆ ಗುಂಡಿ ಒತ್ತಿದೆ. ಏನಾಯಿತು ಗೊತ್ತೇ? ಫೋಟೋ ಪರದೆಯ ಮೇಲೆ ಬಂತು! ನಾಲ್ಕು ಸೆಕೆಂಡು ನಿಂತಿತು, ಹೋಯಿತು. ಎಲ್ಲಿಯೂ ಉಳಿಯಲಿಲ್ಲ. ನನಗಾದ ಆನಂದ ಹೇಳತೀರದು. ಐದೂವರೆ ಸಾವಿರದ ಕಾರ್ಡನ್ನು ಸವೆಸಬಾರದೆಂಬ ಫಿಲಂ ಕಾಲದ ಬುದ್ಧಿ ನನಗೆ. ಗುಂಪು ಬಂದಿತೆಂದರೆ ಕಾರ್ಡು ತೆಗೆದು ಅಂಗಿಯ ಜೇಬಿಗೆ ಹಾಕುವುದು, ಹೊಡೆಯುವುದು, ತೋರಿಸುವುದು. "ಭಾರಿ ಚಲೋ ಬಂದೈತ್ರಿ!" ಎಂದು ಅವರು ಊಟಕ್ಕೆ ಹೋಗುವರು. ಕ್ಯಾಮೆರಾ ಮಾತ್ರ ಒಳಗಿನಿಂದ 'ಕಾರ್ಡ್ ಇಲ್ಲ, ಕಾರ್ಡ್ ಇಲ್ಲ' ಎಂದು ಮಿಣುಕುತ್ತಲೇ ಇರುತ್ತಿತ್ತು, ಮನೆಯಲ್ಲಿ ಅತ್ತೆ ಗೊಣಗಿದ ಹಾಗೆ.

ಹೀಗಿರುವಾಗ ಎರಡು ಸಾವಿರದ ಆರರ ಮೇ ತಿಂಗಳಲ್ಲಿ ಬಂದಿತು ಅಶ್ವಿನಿಯ ಮದುವೆ.

ಅಶ್ವಿನಿ, ತಾಯಿ, ಕೂತುಕೋ. ಓಡಿಹೋಗಬೇಡ. ನಿಮ್ಮಲ್ಲಿ ಬಹಳ ಜನರಿಗೆ ಗೊತ್ತು, ಆ ಮದುವೆಗೆ ದೇವಪ್ಪ ಮೇಸ್ತ್ರಿ ಬರಲಿಲ್ಲ. ಹುಡುಗನ ಮೇಲೆ ಸಿಟ್ಟಿರಲಿಲ್ಲ. ಗುರುಲಿಂಗ ಬಂದರಿನಲ್ಲಿ ಕ್ರೇನ್ ನಡೆಸುವ ಹುಡುಗ, ಬಂಗಾರದಂಥವನು, ಮೇಸ್ತ್ರಿಯೇ ಹುಡುಕಿದವರು. ಸಿಟ್ಟು ಜಾಗದ ಮೇಲೆ. ಮದುವೆ ತಾಳಿಕೋಟೆ ಹತ್ತಿರದ ತಮ್ಮ ಊರಿನಲ್ಲೇ ಆಗಬೇಕೆಂದು ಅವರ ಹಟ. ಗುರುಲಿಂಗನಿಗೆ ಸಿಕ್ಕಿದ್ದು ಎರಡೇ ದಿನ ರಜೆ.

"ನಮ್ಮ ಮಂದಿ ಎಲ್ಲಾ ಊರಾಗ ಐತಿ," ಎಂದರು ಮೇಸ್ತ್ರಿ.

"ಅಪ್ಪ, ನಾ ಹುಟ್ಟಿದ್ದ ಇಲ್ಲೆ. ನಮ್ಮ ಮಂದಿ ಅಂದ್ರ ಇವರ ಅಲ್ಲೇನ?" ಎಂದಳು ಅಶ್ವಿನಿ.

"ಹಂಗಾರ ಇವರ ಜೋಡಿನ ಮಾಡ್ಕೊ. ಅವತ್ತ ನಂದು ಸ್ಲ್ಯಾಬ್ ಐತಿ!"

ಮಳೆಗಾಲಕ್ಕೆ ಮೊದಲು ಸ್ಲ್ಯಾಬ್ ಹಾಕಬೇಕು ನಿಜ. ಆದರೆ ಮಗಳ ಮದುವೆಯ ದಿನವೇ ಹಾಕಬೇಕೆಂದು ಯಾವ ಸಿಮೆಂಟಿನ ಚೀಲದ ಮೇಲೆ ಬರೆದಿದೆ? ಬೆಳಿಗ್ಗೆ ಏಳಕ್ಕೇ ಟೊಪ್ಪಿಗೆ ಹಾಕಿಕೊಂಡು ಕೆಲಸಕ್ಕೆ ಹೋದರು. ಮದುವೆ ಮನೆಯಲ್ಲಿ ಹನುಮವ್ವನವರು, ಅಶ್ವಿನಿಯ ತಾಯಿ, ಹತ್ತಿರ ಬಂದು ನಿಂತವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದರು: "ಇಲ್ಲೊಬ್ಬರ ಜಾಗಾ ಬಿಟ್ಟ ನಿಂದರ್ರಿ."

ಹನ್ನೊಂದು ಗಂಟೆಗೆ ನಾನು ಕ್ಯಾಮೆರಾ ಹೊರತೆಗೆಯುವಷ್ಟರಲ್ಲೇ ಗುಂಪು ನುಗ್ಗಿತು. ಪದ್ಧತಿಯಂತೆ ಕಾರ್ಡು ಜೇಬಿಗೆ ಹೋಯಿತು. ಹನ್ನೆರಡೂವರೆಗೆ ಅಕ್ಷತೆ ಬಿತ್ತು. ನಾನು ಹೊಡೆದೆ, ಹೊಡೆದೆ, ಹೊಡೆದೆ. ಊಟದ ಹೊತ್ತಿಗೆ ಹನುಮವ್ವನವರ ಮುಂದೆ ನಿಂತು, "ಅವ್ವಾರ, ಕ್ಯಾಮೆರಾ ಕೆಟ್ಟೈತಿ, ಒಂದೂ ಬಂದಿಲ್ಲ" ಎಂದೆ. ಅವರು ಕೈಯಲ್ಲಿದ್ದ ಹುಗ್ಗಿಯ ಸೌಟನ್ನು ನನ್ನತ್ತ ಎತ್ತಿದ್ದು ನೆನಪಿದೆ. ಅಶ್ವಿನಿ ಮಾತ್ರ ಬಯ್ಯಲಿಲ್ಲ. ಬಾಸಿಂಗ ಬಿಚ್ಚುತ್ತ, "ಅಪ್ಪಗ ತೋರಸಾಕರ ಒಂದ ಬೇಕಾಗಿತ್ತು, ಬಾಳಣ್ಣ" ಎಂದಳು.

ಮರುದಿನ ಮಧ್ಯಾಹ್ನದವರೆಗೆ ಗುರುಲಿಂಗನಿಗೆ ರಜೆ ಇತ್ತು. ಮತ್ತೆ ಹೊಡೆಯೋಣ ಎಂದೆ. ಮದುವೆಯಾದ ಸಭಾಗೃಹ ಮತ್ತೆ ಸಿಗಲಿಲ್ಲ. ಜಾಗ ನಾನೇ ಆರಿಸಿದೆ: ಜುವಾರಿ ಸೇತುವೆಯ ಕೆಳಗಿನ ನಮ್ಮ ಓಣಿ, ದೇವಪ್ಪ ಮೇಸ್ತ್ರಿಯವರ ಮನೆಯ ಮುಂದಿನ ಅಂಗಳ. ಬೆಳಕು ಅಲ್ಲಿ ಚೆನ್ನಾಗಿದೆ ಎಂದು ಎಲ್ಲರಿಗೂ ಹೇಳಿದೆ. ಹನುಮವ್ವನವರು ಕಾಯಿದೆ ಹಾಕಿದರು: "ತಾಳಿ ಮತ್ತ ಕಟ್ಟಂಗಿಲ್ಲ, ಕಟ್ಟಿದಂಗ ಕೈ ಇಟ್ರ ಸಾಕು. ಅಕ್ಕಿಗೆ ಅರಿಷಿಣ ಹಚ್ಚಂಗಿಲ್ಲ. ಇದು ಮದುವಿ ಅಲ್ಲ, ಬರೇ ಫೋಟೋ." ಆಗಲಿ ಎಂದೆ. ಬಿಳಿ ಅಕ್ಕಿಯನ್ನೇ ಎಲ್ಲರ ಮುಷ್ಟಿಗೆ ಕೊಟ್ಟರು. ಏನು ಗದ್ದಲ, ಏನು ನಗು! ನಿನ್ನೆ ಅತ್ತವರಿಗೆ ಇಂದು ಅಳು ಬರಲೊಲ್ಲದು. ಸೋದರಮಾವ ನಿನ್ನೆಯ ಅಂಗಿ ತೊಳೆಯಲು ಹಾಕಿದ್ದ, ಹಸಿ ಅಂಗಿಯನ್ನೇ ತೊಟ್ಟುಕೊಂಡು ಬಂದ. ಬ್ಯಾಂಡಿನವರು ಇಲ್ಲವೆಂದು ಮಕ್ಕಳು ಬಾಯಿಂದಲೇ ಬಾರಿಸಿದರು.

ಹನ್ನೆರಡಕ್ಕೆ ಮೇಸ್ತ್ರಿ ಸ್ಲ್ಯಾಬಿಗೆ ನೀರುಣಿಸಿ ಊಟಕ್ಕೆ ಬಂದರು. ಮೊಣಕಾಲಿನವರೆಗೆ ಸಿಮೆಂಟು. ತಮ್ಮ ಮನೆಯ ಮುಂದೆ, ತಮ್ಮ ಮಗಳ ಫೋಟೋ, ತಾವಿಲ್ಲದೆ! ಸಭಿಕರೇ, ಮಗಳ ಮದುವೆಯನ್ನು ಬಿಟ್ಟ ಮನುಷ್ಯ ಅದು. ಫೋಟೋ ಬಿಟ್ಟಾರೇ? ಮೊದಲು ಬೇವಿನ ಗಿಡದ ಹತ್ತಿರ ನಿಂತರು. ಆಮೇಲೆ ನೀರಿನ ಡ್ರಮ್ಮಿನ ಹತ್ತಿರ. ಆಮೇಲೆ ನನ್ನ ಕ್ಯಾಮೆರಾದ ಕಿಂಡಿಯ ತುದಿಯಲ್ಲಿ ಒಂದು ಭುಜ ಕಂಡಿತು, ಅರ್ಧ ಮೀಸೆ ಕಂಡಿತು.

"ನಾ ಏನ ಮದುವಿಗೆ ಬಂದಿಲ್ಲ, ಫೋಟೋಕ್ಕ ಅಷ್ಟ ಬಂದೇನಿ," ಎಂದರು. ಹನುಮವ್ವನವರು ಒಂದು ಹೆಜ್ಜೆ ಸರಿದು ಜಾಗ ಬಿಟ್ಟರು. ಮೇಸ್ತ್ರಿಯವರ ಕೈಗೂ ಅಕ್ಕಿ ಬಂತು. ಮುಷ್ಟಿ ಬಿಚ್ಚಿ ನೋಡಿ ಸಿಡಿದರು: "ಇದೇನಲೇ, ಬೆಳ್ಳಗ ಐತಿ? ಫೋಟೋ ನೋಡಿದ ಮಂದಿ ಏನಂದಾರು?"

ನಾನು ಹೇಳಿದೆ, "ಇರಲಿ ಬಿಡ್ರಿ, ಮೇಸ್ತ್ರಿ. ನಾ ಕಂಪ್ಯೂಟರಿನ್ಯಾಗ ಹಳದಿ ಮಾಡ್ತೀನಿ."

ಆಗ ಈ ನಮ್ಮ ಅಧ್ಯಕ್ಷರು ಆಡಿದ ಮಾತನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ: "ನಿನ್ನ ಕಂಪ್ಯೂಟರ್ ಅರಿಷಿಣ ನನ್ನ ಮಗಳ ತಲಿ ಮ್ಯಾಲ ಬೀಳಂಗಿಲ್ಲ, ಮಗನ!"

ಒಳಗೆ ಹೋದರು. ಡಬ್ಬಿಗಳು ಉರುಳಿದ ಸದ್ದು ಕೇಳಿತು. ಮುಷ್ಟಿ ತುಂಬ ಅರಿಶಿನ ತಂದು, ಸಿಮೆಂಟು ಮೆತ್ತಿದ ಅದೇ ಕೈಯಿಂದ, ಪರಾತದ ಅಕ್ಕಿಗೆಲ್ಲ ತಾವೇ ಕಲಸಿದರು. ಕಾಯಿದೆ ಹಾಕಿದ ಹನುಮವ್ವನವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದರು. ಮೇಸ್ತ್ರಿ ಅಕ್ಷತೆ ಎತ್ತಿ ಮಗಳ ತಲೆಯ ಮೇಲೆ ಹಾಕಿ, "ಚಂದಾಗಿ ಬಾಳ್ರಿ" ಎಂದರು. ಜೀವನದಲ್ಲಿ ಮೊದಲ ಸಲ ದೇವಪ್ಪ ಮೇಸ್ತ್ರಿ ಕ್ಯಾಮೆರಾ ಕಡೆ ನೋಡಲಿಲ್ಲ. ನಾನು ಹೊಡೆದೆ. ಇಪ್ಪತ್ತು ವರ್ಷದಲ್ಲಿ ಅದಕ್ಕಿಂತ ಒಳ್ಳೆಯ ಫೋಟೋ ನಾನು ಹೊಡೆದಿಲ್ಲ.

ಈಗ ಆ ಕಡಿಯುವ ಸಾಲಿಗೆ ಬರುತ್ತೇನೆ. ಅಶ್ವಿನಿ ಓದಿದ ಸನ್ಮಾನ ಪತ್ರದಲ್ಲಿ ಹೀಗಿದೆ: 'ಕ್ಯಾಮೆರಾ ಕೈಕೊಟ್ಟರೂ ಎದೆಗುಂದದೆ, ಮರುದಿನ ಬಿಡಿಗಾಸೂ ಪಡೆಯದೆ ಮತ್ತೆ ಫೋಟೋ ಹೊಡೆದುಕೊಟ್ಟ ಪ್ರಾಮಾಣಿಕ.'

ಪ್ರಾಮಾಣಿಕ! ಕ್ಯಾಮೆರಾ ಕೆಟ್ಟಿರಲಿಲ್ಲ, ತಾಯಿ. ಕಾರ್ಡು ನನ್ನ ಜೇಬಿನಲ್ಲಿತ್ತು. ಮರೆತಿದ್ದಿರಬೇಕು ಎಂದು ನೀವೆಲ್ಲ ಈಗ ದೊಡ್ಡ ಮನಸ್ಸು ಮಾಡುತ್ತಿದ್ದೀರಿ. ಮರೆಯಲು ಕ್ಯಾಮೆರಾದೊಳಗಿನ ಆ ಗೊಣಗುವ ಅತ್ತೆ ಬಿಟ್ಟಾಳೇ? ಅಕ್ಷತೆಯ ಹೊತ್ತಿಗೆ 'ಕಾರ್ಡ್ ಇಲ್ಲ' ಎಂದು ಕಣ್ಣೊಳಗೆ ಮಿಣುಕುತ್ತಿತ್ತು. ಕಂಡಿತ್ತು, ಅಧ್ಯಕ್ಷರೇ. ಮೊದಲ ಕಾಳು ಬೀಳುವ ಮುಂಚೆಯೇ ಕಂಡಿತ್ತು. ಕೈ ಜೇಬಿಗೂ ಹೋಗಿತ್ತು. ಅಷ್ಟರಲ್ಲಿ ಕಿಂಡಿಯೊಳಗೆ ಹನುಮವ್ವನವರು ಕಂಡರು, ಅವರ ಪಕ್ಕದ ಖಾಲಿ ಜಾಗ ಕಂಡಿತು. ನನ್ನ ಅವ್ವನ ಪಕ್ಕದಲ್ಲಿ ಇತ್ತಲ್ಲ, ಅಷ್ಟೇ ಅಗಲ. ಈ ಫೋಟೋ ಉಳಿಯಬಾರದು ಎನಿಸಿತು. ಕೈಯನ್ನು ಬರಿದೇ ಹೊರಗೆ ತೆಗೆದೆ. ಮರುದಿನ ಅಂಗಳಕ್ಕೆ ನೀವು ಬಂದೇ ಬರುತ್ತೀರೆಂದು ನನಗೆ ಗೊತ್ತಿರಲಿಲ್ಲ. ಬರದಿದ್ದರೆ ಒಂದು ಹುಡುಗಿಯ ಮದುವೆಯ ಅಕ್ಷತೆಯನ್ನೇ ನಾನು ನುಂಗಿದವನಾಗುತ್ತಿದ್ದೆ. ಈ ನಾಲ್ಕು ವರ್ಷ ಅದು ನನಗೆ ಅಂಜಿಕೆ ಹುಟ್ಟಿಸಿದೆ.

ಹೊಳೆಪ್ಪನವರೇ, ನನ್ನ ಲೆಕ್ಕ ಇಷ್ಟೇ. ಫಿಲಮ್ಮಿನಲ್ಲಿ ಎಂಟು ರೂಪಾಯಿ ಉಳಿಸಲು ಹೋಗಿ ಅಪ್ಪನ ಮುಖ ಕಳೆದುಕೊಂಡೆ. ಡಿಜಿಟಲ್ಲಿನಲ್ಲಿ ಒಂದು ಲಕ್ಷ ಸುರಿದು, ಒಂದು ಸುಳ್ಳು ಹೇಳಿ, ಒಬ್ಬ ಅಪ್ಪನನ್ನು ಫೋಟೋದೊಳಗೆ ತಂದೆ. ಯಾವುದು ಸೋವಿ ಎಂದು ನೀವೇ ಹೇಳಿ. ಅಶ್ವಿನಿ, ನಿನಗೆ ಮೋಸ ಮಾಡಿದ್ದೇನೆ, ಶಾಲು ಬೇಕಾದರೆ ಕಿತ್ತುಕೋ. ಆದರೆ ಮೇಸ್ತ್ರಿಯವರೇ, ನೀವು ಬಾರದಿದ್ದ ಮದುವೆಯ ಒಂದೇ ಒಂದು ಫೋಟೋ ಲೋಕದಲ್ಲಿ ಎಲ್ಲಿಯೂ ಇಲ್ಲ. ಫೋಟೋ ಇರುವುದು ನೀವಿದ್ದ ಮದುವೆಯದು ಮಾತ್ರ.

ಅಗೋ, ಅಧ್ಯಕ್ಷರು ಎದ್ದರು. ಈ ಕಡೆಗೇ ಬರುತ್ತಿದ್ದಾರೆ. ಹೊಡೆಯಲು ಬರುತ್ತಿದ್ದಾರೋ, ಅಪ್ಪಿಕೊಳ್ಳಲು ಬರುತ್ತಿದ್ದಾರೋ ತಿಳಿಯದು. ಬಾಚಣಿಗೆಯನ್ನು ಕುರ್ಚಿಯ ಮೇಲೇ ಬಿಟ್ಟು ಬಂದಿದ್ದಾರೆ. ಆದ್ದರಿಂದ ಬೇಗ ಮುಗಿಸುತ್ತೇನೆ. ಕರೆದ ಸಂಘಕ್ಕೆ, ನಕ್ಕ ನಿಮಗೆ, ಖಾಲಿ ಬೆಳಕಿಗೂ ಹಲ್ಲು ಕಿರಿದ ಎಲ್ಲ ಮುಖಗಳಿಗೆ, ಬಾಗಿಲಿಗೆ ಹೋಗಿ ನಿಂತ ಶೈಲಾಳಿಗೆ ನಾನು ಋಣಿ. ರಿಯಾಜ, ಏನಾದರೂ ಆಗಲಿ, ಹೊಡಿ. ಕಾರ್ಡ್ ಐತೇನ ನೋಡ್ಕೊಂಡ ಹೊಡಿಯಪಾ.

ನಮಸ್ಕಾರ.